ಪರದೆಯಮ್ಮನ ಹೆಸರಿನಲ್ಲಿ ಹೋದ ಮೆತ್ತನೆಯ ಕಾಗದ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಸಾಲುಗಳು ಬಲಕ್ಕೆ ಹೋದಂತೆ ಮೇಲೆ ಹತ್ತುತ್ತವೆ. ಶಾಲೆಯನ್ನು ನಡುವೆಯೇ ಬಿಟ್ಟವಳಾದ್ದರಿಂದ ಪದಗಳೂ ಕಡಿಮೆ. ನಮ್ಮ ಬೀದಿಯ ವಾಚನಾಲಯದ ಕೈಬರಹದ ಪತ್ರಿಕೆಗೆ ಗೊತ್ತಿರುವ ಒಬ್ಬರ ಬಗ್ಗೆ ಬರೆದುಕೊಡಬೇಕೆಂದು ಕೇಳಿದ್ದರು. ನಾನು ನನ್ನ ಸೋದರತ್ತೆಯ ಬಗ್ಗೆ, ಆಕೆ ಹೇಳಿದ್ದನ್ನೂ ಪಕ್ಕದ ಅಂಗಡಿಯವರು ಹೇಳಿದ್ದನ್ನೂ ಕೂಡಿಸಿಕೊಂಡು ಬರೆದಿದ್ದೇನೆ. ಊರಿಗೆಲ್ಲ ಆಕೆ ಪರದೆಯಮ್ಮ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹಿರಿಯರಿಗೆ ಬಹುವಚನ ಹಾಕಬೇಕೆಂದು ನನಗೆ ಗೊತ್ತು. "ಬಹುವಚನಕ್ಕೆ ಕಾಗದ ಜಾಸ್ತಿ ಹಿಡಿಯುತ್ತೆ, ಏಕವಚನದಲ್ಲೇ ಮುಗಿಸು" ಎಂದು ಆಕೆಯೇ ಹೇಳಿದಳು.

ಪರದೆಯಮ್ಮನ ಅಂಗಡಿಯಲ್ಲಿ ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದು ಕೊಡುತ್ತಾರೆ. ಬೇರೇನೂ ಹೊಲಿಯುವುದಿಲ್ಲ. ಯಾರಾದರೂ ಅಂಗಿಯ ಗುಂಡಿ ಹಾಕಿಸಲು ಬಂದರೆ, "ನಿನ್ನ ಹೊಟ್ಟೆ ಕಿಟಕಿಯಾ?" ಎಂದು ಕೇಳುತ್ತಾಳೆ. ಒಳಗೆ ಎರಡು ಹೊಲಿಗೆ ಮಿಷನ್ನು, ಬಟ್ಟೆ ಹಾಸಿ ಕತ್ತರಿಸಲು ಬಾಗಿಲಿನಷ್ಟು ಉದ್ದದ ಮೇಜು, ಮೇಜಿನ ತುದಿಯಲ್ಲಿ ನೂಲಿನ ಧೂಳು ಕುಡಿದೂ ಕುಡಿದೂ ಕೆಮ್ಮುವ ಒಂದು ಹಳೆಯ ಕಂಪ್ಯೂಟರ್. ಗಿರಾಕಿಗಳು ತಮ್ಮ ಕಿಟಕಿಗಳ ಅಳತೆಯನ್ನು ಇಮೇಲಿನಲ್ಲಿ ಕಳಿಸುತ್ತಾರೆ. ಪರದೆಯಮ್ಮ ಉತ್ತರ ಬರೆಯುತ್ತಾಳೆ. ಅವಳ ಉತ್ತರಗಳು ಎರಡೇ ಬಗೆ. ಒಂದು, "ಬಂತು." ಇನ್ನೊಂದು, "ತಪ್ಪು. ಮತ್ತೆ ಅಳೆಯಿರಿ."

ಅವಳ ಅಂಗಡಿಯಲ್ಲಿ ಒಂದು ಕಾಯಿದೆ ಇದೆ. ಯಾವ ಸಂಖ್ಯೆಯನ್ನಾದರೂ ಎರಡು ಸಲ ಬರೆಯಬೇಕು. ಹಿಂದೊಮ್ಮೆ ಯಾರೋ ಅಡಿಯ ಜಾಗದಲ್ಲಿ ಇಂಚು ಎಂದು ಬರೆದು ಕಳಿಸಿ, ಇವಳು ಬರೆದ ಹಾಗೆಯೇ ಹೊಲಿದು, ಕೊನೆಗೆ ಅಷ್ಟು ದೊಡ್ಡ ಬಾಗಿಲಿಗೆ ಕರವಸ್ತ್ರದಷ್ಟು ಪರದೆ ಹೋಗಿತ್ತಂತೆ. ಅಂದಿನಿಂದ ಈ ಕಾಯಿದೆ. ತರಕಾರಿಯವನಿಗೆ ಫೋನ್ ನಂಬರ್ ಕೊಡುವಾಗಲೂ ಅವಳು ಎರಡು ಸಲ ಹೇಳಿ, "ಎರಡೂ ಒಂದೇ ಇದೆಯಾ ನೋಡ್ಕೊ" ಎನ್ನುತ್ತಾಳೆ.

ಪರದೆಯಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಅಣ್ಣ, ಅಂದರೆ ನನ್ನ ಅಪ್ಪ, ಮೊದಲಿನಿಂದಲೂ ಬೇರೆ ಊರಿನಲ್ಲಿ ಕೆಲಸಕ್ಕಿದ್ದವರು. ಅವಳು ಕೈಯಾರೆ ಬೆಳೆಸಿದ್ದು ಒಬ್ಬಳೇ ಒಬ್ಬ ತಂಗಿಯನ್ನು. ಆ ತಂಗಿಯ ಜೊತೆ ಆರೇಳು ವರ್ಷದಿಂದ ಮಾತಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ, ಆದರೆ ಅವಳೆದುರು ನಗುವ ಧೈರ್ಯ ಯಾರಿಗೂ ಇಲ್ಲ.

ತಂಗಿಯ ಗಂಡ ಮನೆ ಕಟ್ಟುವ ಮೇಸ್ತ್ರಿ. ಊರವರಿಗೆಲ್ಲ ಕಟ್ಟಿಕೊಟ್ಟು ಕೊನೆಗೆ ತನಗೂ ಒಂದು ಮನೆ ಕಟ್ಟಿಕೊಂಡ. ನಡುಮನೆಯ ದೊಡ್ಡ ಕಿಟಕಿಗೆ ನೆಲ ಮುಟ್ಟುವ ಪರದೆಯನ್ನು ಪರದೆಯಮ್ಮ ಹೊಲಿದು ತಂದು ತಾನೇ ತೂಗುಹಾಕಿದಳು. ಹೊಸ ಮನೆ ನೋಡಲು ಬಂದ ನೆಂಟರು ಸುತ್ತ ನಿಂತಿದ್ದರು. ಪರದೆ ಎಡಗಡೆ ನೆಲ ಮುಟ್ಟಿತು. ಬಲಗಡೆ ಎರಡು ಬೆರಳು ಮೇಲೆ ನಿಂತಿತು.

"ಅಕ್ಕಾ, ಈ ಕಡೆ ಬಟ್ಟೆ ಗಿಡ್ಡ ಆಯ್ತಲ್ಲ" ಎಂದಳು ತಂಗಿ.

"ಬಟ್ಟೆ ಗಿಡ್ಡ ಅಲ್ಲ ಕಣೇ. ನಿನ್ನ ಮನೆ ನೆಲ ಡೊಂಕು."

ಮೇಸ್ತ್ರಿ ಅಲ್ಲೇ ಇದ್ದ. ಅವನು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!" ಎಂದುಬಿಟ್ಟ. ನೆಂಟರೆಲ್ಲ ಹೊಟ್ಟೆ ಹಿಡಿದು ನಕ್ಕರು. ಪಾಪ, ತಂಗಿಗೂ ನಗು ತಡೆಯಲಾಗಲಿಲ್ಲ. ಪರದೆಯಮ್ಮ ಕೈಯಲ್ಲಿದ್ದ ಚಹಾ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟವಳು ಮತ್ತೆ ಆ ಮನೆಯ ಕಡೆ ತಲೆ ಹಾಕಲಿಲ್ಲ. ಅವಳೇ ಬಂದು ಕ್ಷಮೆ ಕೇಳಲಿ ಎಂದು ಅಕ್ಕ, ಅಕ್ಕನೇ ಮೊದಲು ಕರೆಯಲಿ ಎಂದು ತಂಗಿ, ಹೀಗೆ ಇಬ್ಬರೂ ಕಾದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಹಟವೂ ಒಂದೇ ಅಳತೆಯಲ್ಲಿ ಬಂದಿತ್ತು.

ಹೀಗಿರುವಾಗ ಒಂದು ದಿನ ಪರದೆಯಮ್ಮನ ಇಮೇಲಿಗೆ ಒಂದು ನೋಟೀಸು ಬಂತು. "ನಿಮ್ಮ ಪೆಟ್ಟಿಗೆ ತುಂಬಿದೆ. ಇಂದೇ ಪಾಸ್‌ವರ್ಡ್ ಬರೆದು ಖಚಿತಪಡಿಸದಿದ್ದರೆ ಎಲ್ಲ ಮೇಲುಗಳೂ ಅಳಿಸಿಹೋಗುತ್ತವೆ" ಎಂದಿತ್ತು. ಊರಿನ ಕಿಟಕಿಗಳೆಲ್ಲ ಆ ಪೆಟ್ಟಿಗೆಯಲ್ಲಿವೆ! ಪರದೆಯಮ್ಮ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಪಾಸ್‌ವರ್ಡ್ ಬರೆದಳು. ಕೆಳಗಿನ ಸಾಲಿನಲ್ಲಿ ಅದನ್ನೇ ಮತ್ತೊಮ್ಮೆ ಬರೆದಳು. "ಎರಡೂ ಒಂದೇ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ತಿಳಿಸಿ" ಎಂದು ಸೇರಿಸಿ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ತುಂಬಾ ಧನ್ಯವಾದಗಳು."

ಪರದೆಯಮ್ಮನಿಗೆ ಖುಷಿಯಾಯಿತು. ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ಅವಳಿಗೆ ಧನ್ಯವಾದ ಹೇಳಿರಲಿಲ್ಲ.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಂಗಡಿಯ ಕದ ತೆಗೆಯುತ್ತಿದ್ದಂತೆ ಹಲ್ಲಿನ ಡಾಕ್ಟರು ಬಂದು ಬಾಗಿಲಲ್ಲಿ ನಿಂತರು. ಅವರ ದವಾಖಾನೆಯ ಪರದೆ ಇನ್ನೂ ಮೇಜಿನ ಮೇಲೇ ಇತ್ತು. ಅವರು ಪರದೆಯನ್ನು ನೋಡಲಿಲ್ಲ, ಪರದೆಯಮ್ಮನನ್ನೇ ಮೇಲಿಂದ ಕೆಳಗೆ ನೋಡಿದರು.

"ಅರೆ, ಇಲ್ಲೇ ಇದೀರಲ್ಲ!"

"ಇನ್ನೆಲ್ಲಿರ್ಲಿ? ನಿಮ್ಮದು ಗುರುವಾರ ಅಂದಿದ್ದೆ. ಗುರುವಾರಾನೇ."

"ಅದಲ್ಲಮ್ಮ. ನೀವು ದೂರದ ದೇಶದಲ್ಲಿ ಹೋಟೆಲಿನವರ ಕೈಗೆ ಸಿಕ್ಕಿಹಾಕ್ಕೊಂಡಿದೀರಂತೆ. ನೀವೇ ಬರೆದಿದೀರಿ."

ಪರದೆಯಮ್ಮ ಬಸ್ಸಿನಲ್ಲಿ ಒಂದು ಗಂಟೆ ಕೂತರೆ ತಲೆಸುತ್ತು ಬರುವವಳು. ಡಾಕ್ಟರು ಜೇಬಿನಿಂದ ಫೋನು ತೆಗೆದು ಓದಿದರು:

"ನನ್ನ ಪ್ರಿಯರೇ, ಹೇಗಿದ್ದೀರಿ? ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪರದೇಶಕ್ಕೆ ಬಂದಿದ್ದೆ. ಇಲ್ಲಿ ನನ್ನ ಪರ್ಸು, ಫೋನು ಎರಡೂ ಕಳುವಾದವು. ನಮ್ಮ ನಡುವೆ ಏನೇ ನಡೆದಿದ್ದರೂ ಮರೆತು ಕ್ಷಮಿಸಿ. ನಿಮ್ಮನ್ನು ಬಿಟ್ಟರೆ ನನಗೆ ಯಾರಿದ್ದಾರೆ? ದಯವಿಟ್ಟು ಕೆಳಗೆ ಬರೆದ ಖಾತೆಗೆ ಸ್ವಲ್ಪ ಹಣ ಕಳಿಸಿ, ಬಂದ ಕೂಡಲೇ ತೀರಿಸುತ್ತೇನೆ. ನನ್ನ ಫೋನಿನಿಂದ ಕರೆ ಬಂದರೆ ಅದು ಕಳ್ಳರದು, ನಂಬಬೇಡಿ. ಸದಾ ನಿಮ್ಮ ಪ್ರೀತಿಯ…"

"ಸಾಕು, ನಿಲ್ಸಿ!" ಪರದೆಯಮ್ಮ ಕಿವಿ ಮುಚ್ಚಿಕೊಂಡಳು. "ನಾನು ನಿಮಗೆ ಪ್ರಿಯರೇ ಅಂತ ಬರೀತೀನಾ?"

"ಅಲ್ಲೇ ಅನುಮಾನ ಬಂದಿದ್ದು. ಹೋದ ತಿಂಗಳು ನೀವು ನನಗೆ ಬರೆದ ಕಾಗದದಲ್ಲಿ ಒಟ್ಟು ಮೂರು ಪದ ಇತ್ತು. ಅದರಲ್ಲಿ ಮೊದಲನೇದು 'ತಪ್ಪು'."

ಅಷ್ಟರಲ್ಲಿ ಪರದೆಗೆ ಕಂಬಿ, ಬಳೆ ಒದಗಿಸುವ ಕಂಬಿ ಅಂಗಡಿಯ ಯಜಮಾನರು ಬಂದರು. ಹೆಂಡತಿ ತೀರಿಕೊಂಡ ಮೇಲೆ ಅವರು ಅಂಗಿಗೆ ಇಸ್ತ್ರಿ ಹಾಕಿದ್ದನ್ನು ಯಾರೂ ನೋಡಿರಲಿಲ್ಲ. ಅಂದು ಇಸ್ತ್ರಿ ಗರಿಗರಿಯಾಗಿತ್ತು. ತಲೆಗೆ ಬಣ್ಣವೂ ಹಚ್ಚಿದ್ದರು, ಅವಸರದಲ್ಲಿ ಕಿವಿಗೂ ಸ್ವಲ್ಪ ತಾಗಿತ್ತು.

"ನೀವು ಮನಸ್ಸಲ್ಲಿ ಇಷ್ಟೆಲ್ಲಾ ಇಟ್ಕೊಂಡಿದೀರಿ ಅಂತ ನನಗೆ ಗೊತ್ತೇ ಇರ್ಲಿಲ್ಲ" ಎಂದರು, ನೆಲ ನೋಡುತ್ತ.

ಹಲ್ಲಿನ ಡಾಕ್ಟರು ಕೆಮ್ಮಿದರು. "ಯಜಮಾನ್ರೇ, ಅದು ನನಗೂ ಬಂದಿದೆ."

"ನಿಮಗೂ? 'ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ' ಅಂತ?"

"ಒಂದಕ್ಷರ ಬಿಡದೆ."

ಯಜಮಾನರ ಮುಖ ಕಂಬಿಯಿಂದ ಕಳಚಿದ ಬಟ್ಟೆಯ ಹಾಗೆ ಇಳಿದುಹೋಯಿತು. ಸ್ವಲ್ಪ ಸುಧಾರಿಸಿಕೊಂಡು, "ಹಾಗಾದ್ರೆ ಮೊನ್ನೆ ಬರೆದಿದ್ರಲ್ಲ, ಹಿತ್ತಾಳೆ ಬಳೆ ಬೇಕು ಅಂತ, ಅದೂ ಕಳ್ಳಂದೇನಾ?" ಎಂದು ಕೇಳಿದರು.

"ಅದು ನಂದು. ಮಧ್ಯಾಹ್ನದೊಳಗೆ ಕಳಿಸಿ" ಎಂದು ಪರದೆಯಮ್ಮ ಪಕ್ಕದ ಅಂಗಡಿಗೆ ಓಡಿದಳು.

ಪಕ್ಕದ್ದು ಮೊಬೈಲ್ ರಿಪೇರಿ ಅಂಗಡಿ. ಅದರ ಮಾಲೀಕನನ್ನು ಎಲ್ಲರೂ ಸಿಮ್ಮಣ್ಣ ಎಂದು ಕರೆಯುತ್ತಾರೆ. ಅವನು ಇವಳ ಜೊತೆ ಬಂದು ಕಂಪ್ಯೂಟರಿನ ಮುಂದೆ ಕೂತ. ಹಳೆಯ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ.

"ಕಳ್ಳ ಒಳಗೆ ಸೇರ್ಕೊಂಡು ಬೀಗ ಬದಲಾಯಿಸಿದಾನೆ. ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ರೇನಮ್ಮ?"

"ಕೇಳಿದ್ರು. ಕೊಟ್ಟೆ."

"ಕೊಟ್ರಾ?"

"ಎರಡು ಸಲ."

ಸಿಮ್ಮಣ್ಣ ಕುರ್ಚಿಯಲ್ಲೇ ತಿರುಗಿ ಅವಳ ಮುಖ ನೋಡಿದ. "ಎರಡು ಸಲ ಯಾಕಮ್ಮ?"

"ಒಂದೇ ಸಲ ಬರೆದ್ರೆ ತಪ್ಪಾಗಬಹುದಲ್ಲ."

ಸಿಮ್ಮಣ್ಣ ಹೇಳಿದ: "ಅಮ್ಮಾ, ಮೇಲ್ ಕಂಪನಿಯವರು ಯಾವತ್ತೂ ನಿಮ್ಮ ಪಾಸ್‌ವರ್ಡ್ ಕೇಳಲ್ಲ. ಕೇಳಿದವನು ಕಳ್ಳ. ಇದನ್ನ ಬೇಕಾದ್ರೆ ಎರಡು ಸಲ ಬರ್ಕೊಳ್ಳಿ."

ಪುಣ್ಯಕ್ಕೆ ಕಳ್ಳ ಅವಳ ಫೋನ್ ನಂಬರನ್ನು ತೆಗೆದುಹಾಕಿರಲಿಲ್ಲ. 'ಪಾಸ್‌ವರ್ಡ್ ಮರೆತಿದ್ದೇನೆ' ಎಂಬಲ್ಲಿ ಒತ್ತಿದಾಗ ಅವಳ ಫೋನಿಗೆ ಕೆಲವು ಅಂಕಿಗಳು ಬಂದವು. ಅವನ್ನು ಹಾಕಿ ಒಳಗೆ ಹೋದರು. ಸಿಮ್ಮಣ್ಣ ಹೊಸ ಪಾಸ್‌ವರ್ಡ್ ಇಡಿಸಿದ. ಬೇರೆಲ್ಲೋ ಕೂತು ಈ ಪೆಟ್ಟಿಗೆ ತೆರೆದುಕೊಂಡಿದ್ದವರನ್ನೆಲ್ಲ ಹೊರಗೆ ಹಾಕಿದ. ಇನ್ನು ಮೇಲೆ ಒಳಗೆ ಬರಬೇಕಾದರೆ ಫೋನಿಗೆ ಬರುವ ಅಂಕಿಯೂ ಬೇಕಾಗುವಂತೆ ಮಾಡಿದ. ಆಮೇಲೆ ಹುಬ್ಬು ಗಂಟಿಕ್ಕಿ, "ನೋಡಿ, ಇಲ್ಲಿಗೆ ಬರೋ ಕಾಗದ ಎಲ್ಲಾ ಇನ್ನೊಂದು ವಿಳಾಸಕ್ಕೂ ಹೋಗೋ ಹಾಗೆ ಕಾಲುವೆ ತೋಡಿದಾನೆ" ಎಂದು ಅದನ್ನೂ ಮುಚ್ಚಿದ.

"ಉತ್ತರ ಯಾರಾದ್ರೂ ಬರೆದಿದಾರಾ?"

"ನಿಮ್ಮ ಕಣ್ಣಿಗೆ ಬೀಳಬಾರದು ಅಂತ ಅಳಿಸಿರ್ತಾನೆ. ಕಸದ ಬುಟ್ಟಿ ನೋಡೋಣ."

ಬುಟ್ಟಿಯಲ್ಲಿ ಉತ್ತರಗಳಿದ್ದವು. ಬಣ್ಣದಂಗಡಿಯವರು "ನಮಗೇ ಕಷ್ಟ" ಎಂದು ಬರೆದಿದ್ದರು. ಒಬ್ಬ ಗಿರಾಕಿ, "ಪರದೇಶಕ್ಕೆ ಹೋಗಲು ಸಮಯವಿದೆ, ನನ್ನ ಅಡುಗೆಮನೆ ಪರದೆಗೆ ಸಮಯವಿಲ್ಲವೇ?" ಎಂದು ಕೇಳಿದ್ದ. ಅವುಗಳ ಕೆಳಗೆ, ಹಿಂದಿನ ದಿನ ಸಂಜೆ ಬಂದ ಒಂದು ಕಾಗದ. ಪರದೆಯಮ್ಮ ಹೆಸರನ್ನು ಎರಡು ಸಲ ಓದಿದಳು. ತಂಗಿಯದು. ನಡುಮನೆಯ ಕಿಟಕಿಯ ಅಳತೆ ಕಳಿಸಿದ್ದ ಕಾಲದಿಂದ ಅವಳ ವಿಳಾಸ ಆ ಪೆಟ್ಟಿಗೆಯಲ್ಲೇ ಉಳಿದಿತ್ತು.

"ಅಕ್ಕಾ, ನಿನ್ನ ಕಾಗದ ಓದಿ ಅತ್ತುಬಿಟ್ಟೆ. ನೀನಾಗಿ ಒಂದು ಮಾತು ಬರೆಯಲಿ ಅಂತ ಇಷ್ಟು ವರ್ಷ ಕಾದಿದ್ದೆ. ನಡೆದದ್ದೆಲ್ಲ ಮರೆತೆ. ನನ್ನ ಮಂಡಿ ಆಪರೇಷನ್ನಿಗೆ ಅಂತ ಇಟ್ಟ ಹಣವಿದೆ, ಮಂಡಿ ಎಲ್ಲಿಗೆ ಹೋಗುತ್ತೆ? ನಾಳೆ ಬ್ಯಾಂಕು ತೆರೆದ ಕೂಡಲೇ ಅಷ್ಟನ್ನೂ ಹಾಕುತ್ತೇನೆ. ಇವರಿಗೆ ಹೇಳಿಲ್ಲ. ನೀನು ಊಟ ಬಿಡಬೇಡ."

ಬ್ಯಾಂಕುಗಳು ತೆರೆಯುವ ಹೊತ್ತು ಅದೇ ಆಗಿತ್ತು.

"ಫೋನ್ ಮಾಡಿ ಬೇಗ!" ಎಂದ ಸಿಮ್ಮಣ್ಣ.

"ಅವಳೇ ಮೊದಲು ಮಾಡ್ಲಿ ಅಂತ…"

"ಅಮ್ಮಾ! ಈಗಲೂನಾ?"

ಪರದೆಯಮ್ಮ ಎಲ್ಲೂ ನೋಡದೆ, ನೆನಪಿನಿಂದಲೇ ತಂಗಿಯ ನಂಬರ್ ಒತ್ತಿದಳು. ಸಿಮ್ಮಣ್ಣ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟ.

"ಹಲೋ, ನಾನು ಕಣೇ…"

"ಬಂತಾ ಫೋನು! ಬರುತ್ತೆ ಅಂತ ಅಕ್ಕ ಬರೆದಿದ್ಲು!" ತಂಗಿಯ ದನಿ ಅಂಗಡಿಯನ್ನು ಅಲ್ಲಾಡಿಸಿತು. "ಎಷ್ಟೋ ಧೈರ್ಯ ನಿನಗೆ? ನನ್ನಕ್ಕನ ಫೋನ್ ಕದ್ದು ನನಗೇ ಹಚ್ತೀಯಾ? ದನಿ ಬೇರೆ ಥೇಟ್ ಅವಳದ್ದೇ ಮಾಡ್ಕೊಂಡಿದೀಯ! ಈಗೆಲ್ಲಾ ಮಿಷನ್ನಲ್ಲೇ ದನಿ ಮಾಡ್ತಾರಂತೆ, ನನಗೂ ಗೊತ್ತು!"

"ಅಯ್ಯೋ, ನಾನು ಊರಲ್ಲೇ ಇದೀನಿ, ಪುಟ್ಟೀ…"

"ಪುಟ್ಟಿ ಗಿಟ್ಟಿ ಅಂದ್ರೆ ಹಲ್ಲು ಉದುರಿಸ್ತೀನಿ! ಆ ಹೆಂಗಸು ಯಾರು ಅಂತ ಗೊತ್ತೇನೋ ನಿನಗೆ? ಅಪ್ಪ ಹೋದಾಗ ಅವಳಿನ್ನೂ ಹುಡುಗಿ. ಮಿಷನ್ ತುಳಿದೂ ತುಳಿದೂ ನನ್ನ ಓದಿಸಿದ್ಲು. ತಾನು ಹರಿದದ್ದು ಹಾಕ್ಕೊಂಡು ನನಗೆ ಹೊಸದು ತಂದ್ಲು. ಬಾಯಿ ಕೆಟ್ಟದ್ದು, ಇಲ್ಲ ಅನ್ನಲ್ಲ. ಬಾಯಿ ತೆಗೆದ್ರೆ ಕತ್ತರಿ. ಆದ್ರೆ ಮನಸ್ಸು ಬಂಗಾರ ಕಣೋ, ಅಪ್ಪಟ ಬಂಗಾರ! ಅಂಥವಳ ಹೊಟ್ಟೆ ಮೇಲೆ ಹೊಡೀತೀಯಲ್ಲೋ, ನಿನ್ನ ಮನೆ ಹಾಳಾಗ!"

ಪರದೆಯಮ್ಮ ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟಳು. ನಡುವೆ ಮಾತು ತೂರಿಸಲು ಜಾಗವಿತ್ತು, ಆದರೆ ಅವಳು ತೂರಿಸಲಿಲ್ಲ. ಜನ್ಮದಲ್ಲಿ ಮೊದಲ ಸಲ ಯಾರೋ ಅವಳನ್ನು ಹೊಗಳುತ್ತಿದ್ದರು, ಅದೂ ಅವಳನ್ನೇ ಬೈಯುತ್ತ. ಹಲ್ಲಿನ ಡಾಕ್ಟರು ಮರ್ಯಾದೆಗೆ ಬಾಗಿಲ ಕಡೆ ತಿರುಗಿದರು. ಕಂಬಿ ಅಂಗಡಿಯ ಯಜಮಾನರು ಮೂಗು ಒರೆಸಿಕೊಂಡರು.

"ಅಮ್ಮಾ, ಬ್ಯಾಂಕು!" ಎಂದು ಸಿಮ್ಮಣ್ಣ ಪಿಸುಗುಟ್ಟಿದ.

ಪರದೆಯಮ್ಮ ಎಚ್ಚೆತ್ತಳು. "ಲೇ, ಆ ಕಾಗದ ಬರೆದವನೇ ಕಳ್ಳ. ಹಣ ಹಾಕ್ಬೇಡ್ವೇ. ಬೇಕಾದ್ರೆ ಏನಾದ್ರೂ ಕೇಳು, ಹೇಳ್ತೀನಿ."

"ಓಹೋ! ಹಾಗಾದ್ರೆ ಹೇಳು, ನನಗೆ ಮೊದಲ ಸಲ ಹೊಲಿದುಕೊಟ್ಟ ಲಂಗ ಯಾವ ಬಣ್ಣ?"

"ಹಳದಿ. ಅಂಚು ಹಸಿರು."

"ಫೋಟೋ ನೋಡಿ ಹೇಳ್ತಿದೀಯ! ಆ ಫೋಟೋ ಅಕ್ಕನ ಫೋನಲ್ಲೇ ಇರುತ್ತೆ!"

ಆಚೆಯಿಂದ ಬೇರೊಂದು ದನಿ ಕೇಳಿಸಿತು. "ಮುಂದಿನವರು ಬನ್ನಿ. ಎಲ್ಲಿಗೆ ಹಾಕ್ಬೇಕಮ್ಮ?"

"ಬಂದೆ ಸಾರ್, ಒಂದು ನಿಮಿಷ. ಇಲ್ಲೊಬ್ಬ ಕಳ್ಳ ಫೋನಲ್ಲಿದಾನೆ, ಇಟ್ಬಿಡ್ತೀನಿ."

ಇನ್ನು ಒಂದು ಗಳಿಗೆಯಲ್ಲಿ ತಂಗಿಯ ಮಂಡಿಯ ಹಣ ಕಳ್ಳನ ಜೇಬಿಗೆ ಬೀಳುತ್ತಿತ್ತು. ಪರದೆಯಮ್ಮ ಒಳ್ಳೆಯ ಮಾತು ಹುಡುಕಿದಳು. ಅವಳಲ್ಲಿ ಅಂಥ ದಾಸ್ತಾನು ಮೊದಲೇ ಕಡಿಮೆ, ಇದ್ದ ಒಂದೆರಡೂ ಆ ಹೊತ್ತಿಗೆ ಸಿಗಲಿಲ್ಲ. ತಾಳ್ಮೆ ಹರಿಯಿತು.

"ಲೇ! ನಿನ್ನ ಮನೆ ನೆಲ ಡೊಂಕು!" ಎಂದು ಕೂಗಿದಳು. "ಅವತ್ತೂ ಡೊಂಕು, ಇವತ್ತೂ ಡೊಂಕು! ನಿನ್ನ ಗಂಡ ಇನ್ನೂ ನೂರು ಗಾದೆ ಹೇಳಿದ್ರೂ ಡೊಂಕು ಡೊಂಕೇ!"

ಬ್ಯಾಂಕಿನ ಫ್ಯಾನು ತಿರುಗುವುದು ಇಲ್ಲಿಗೆ ಕೇಳಿಸುತ್ತಿತ್ತು. ಹಣ ಬೇಕಾದ ಯಾವ ಕಳ್ಳನೂ ಅಂಥ ಹೊತ್ತಿನಲ್ಲಿ ನೆಲದ ವಿಷಯ ಎತ್ತುವುದಿಲ್ಲ.

"…ಅಕ್ಕಾ?"

"ಮತ್ತೆ ಇನ್ಯಾರು? ಹಿಂದೆ ಸರಿ ಆ ಕೌಂಟರಿಂದ."

ತಂಗಿ ಹಿಂದೆ ಸರಿದು ಎಲ್ಲೋ ಕೂತ ಸದ್ದಾಯಿತು. ಹಣ ಉಳಿಯಿತು. ಸಿಮ್ಮಣ್ಣ ಬೆವರು ಒರೆಸಿಕೊಂಡ. ಆದರೆ ತಂಗಿ ಬೇರೆಯದೇ ದನಿಯಲ್ಲಿ ಕೇಳಿದಳು, "ಹಾಗಾದ್ರೆ ಆ ಕಾಗದ ನಿಂದಲ್ವಾ?"

"ಕಳ್ಳಂದು."

"ಪೂರ್ತಿ?"

"ಪೂರ್ತಿ. ಕಂಬಿ ಅಂಗಡಿಯವರಿಗೂ ಅದೇ ಹೋಗಿದೆ."

"ನಾನೊಬ್ಳು ಪೆದ್ದಿ" ಎಂದಳು ತಂಗಿ. "ಅಕ್ಕ ಹೀಗೆಲ್ಲಾ ಬರೆಯಲ್ಲ ಅಂತ ನನಗೇ ಗೊತ್ತಿತ್ತು. ಆದ್ರೂ ಬರೆದಿರ್ಲಿ ಅಂತ ಆಸೆ ಆಯ್ತು." ಆಮೇಲೆ ಮೂಗೆಳೆಯುವುದು ಮಾತ್ರ ಕೇಳಿಸಿತು.

ಪರದೆಯಮ್ಮ ಸ್ಪೀಕರ್ ಆರಿಸಲು ನೋಡಿದಳು. ಯಾವ ಗುಂಡಿ ಎಂದು ತಿಳಿಯಲಿಲ್ಲ. ಮೂವರು ಗಂಡಸರೂ ಅವಳನ್ನೇ ನೋಡುತ್ತಿದ್ದರು. ಅವಳು ಅವರಿಗೆ ಬೆನ್ನು ಹಾಕಿ ನಿಂತಳು.

"ಪರ್ಸು ನಂದಲ್ಲ. ಹೋಟೆಲು ನಂದಲ್ಲ. ಆ ದಯವಿಟ್ಟೂ ನಂದಲ್ಲ" ಎಂದಳು. ಆಮೇಲೆ ತುಂಬ ಮೆಲ್ಲಗೆ, "ನಿನ್ನ ಬಿಟ್ರೆ ಯಾರಿದಾರೆ ಅಂತ ಬರೆದಿದಾನಲ್ಲ. ಅದೊಂದನ್ನ ಆ ಮುಂಡೇಮಗ ತಪ್ಪು ಬರೆದಿಲ್ಲ."

ಆ ಕಡೆ ಮೂಗೆಳೆಯುವುದು ನಿಂತಿತು.

"ಇನ್ನೊಂದು ಸಲ ಹೇಳು."

"ಯಾಕೆ? ಕೇಳಿಸ್ತಲ್ಲ."

"ನೀನೇ ತಾನೇ ಎಲ್ಲಾನೂ ಎರಡು ಸಲ ಹೇಳೋಳು."

ಪರದೆಯಮ್ಮ ಎರಡನೆಯ ಸಲವೂ ಹೇಳಿದಳು. ಸಿಮ್ಮಣ್ಣ ಇದನ್ನು ನನಗೆ ಆಣೆ ಮಾಡಿ ಹೇಳಿದ್ದಾನೆ. ಪರದೆಯಮ್ಮ ಮಾತ್ರ ಇಲ್ಲ ಎನ್ನುತ್ತಾಳೆ.

"ಮನೆಗೆ ಬಾ" ಎಂದಳು ತಂಗಿ.

"ನಿನ್ನ ಗಂಡ?"

"ಇರ್ತಾರೆ. ಜಗಳ ಆಡೋದಾದ್ರೆ ಎದುರಿಗೇ ಕೂತು ಆಡಿ. ನಾನು ನಡುವೆ ಚಹಾ ಕೊಡ್ತೀನಿ. ಈ ಸಲ ಪೂರ್ತಿ ಕುಡೀಬೇಕು."

"ನೋಡೋಣ" ಎಂದಳು ಪರದೆಯಮ್ಮ. ಅವಳ ಭಾಷೆಯಲ್ಲಿ ಇದಕ್ಕೆ ಖಂಡಿತ ಬರುತ್ತೇನೆ ಎಂದರ್ಥ.

ಅಂದೇ ಅವಳು ಪೆಟ್ಟಿಗೆಯಲ್ಲಿದ್ದ ಎಲ್ಲರಿಗೂ ಒಂದು ಕಾಗದ ಕಳಿಸಿದಳು. "ನಾನು ಎಲ್ಲಿಗೂ ಹೋಗಿಲ್ಲ. ಅಂಗಡಿಯಲ್ಲಿದ್ದೇನೆ. ನ‌ನ್ನ ಹೆಸರಲ್ಲಿ ಹಣ ಕೇಳಿದವನು ಕಳ್ಳ. ಕೊಡಬೇಡಿ. ಅವನಿಗೆ ಉತ್ತರವನ್ನೂ ಬರೆಯಬೇಡಿ. ಪರದೆ ಸಿದ್ಧವಾಗಿರುವವರು ಬಂದು ಒಯ್ಯಿರಿ." ಓದಿದವರೆಲ್ಲ ಇದು ನಿಜವಾಗಿ ಪರದೆಯಮ್ಮನದೇ ಎಂದು ಕೂಡಲೇ ನಂಬಿದರಂತೆ. ಮಧ್ಯಾಹ್ನ ಸಿಮ್ಮಣ್ಣನ ಜೊತೆ ಹೋಗಿ ಪೊಲೀಸರಿಗೆ ದೂರನ್ನೂ ಕೊಟ್ಟು ಬಂದಳು. ಹಿತ್ತಾಳೆ ಬಳೆಗಳು ಹೇಳಿದ ಹೊತ್ತಿಗೆ ಬಂದವು. ತಂದುಕೊಟ್ಟವರು ಕಂಬಿ ಅಂಗಡಿಯ ಯಜಮಾನರೇ, ಇಸ್ತ್ರಿ ಇನ್ನೂ ಕೆಟ್ಟಿರಲಿಲ್ಲ.

ಬರುವ ಭಾನುವಾರ ಪರದೆಯಮ್ಮ ತಂಗಿಯ ಮನೆಗೆ ಹೋಗುತ್ತಾಳೆ. ಅವಳಿಗೆ ಬಸ್ಸಿನಲ್ಲಿ ತಲೆ ಸುತ್ತುವುದರಿಂದ ನಾನೂ ಜೊತೆಗೆ ಹೋಗಿ ಕಿಟಕಿಯ ಪಕ್ಕ ಕೂರಿಸಿಕೊಂಡು ಕರೆದುಕೊಂಡು ಹೋಗುತ್ತೇನೆ.